ಯಾರ ಸಾಲ, ಯಾರ ಸರ್ಕಾರ?

ಅಮೆರಿಕದ ರಾಜ್ಯಾಂಗವನ್ನು ಹೊಗಳುವವರು ನಮ್ಮಲ್ಲಿ ಬಹಳ ಮಂದಿ, ಓದಿದವರು ಕಡಿಮೆ. ಹೊಗಳಿಕೆಯ ಮಾತು ಎಲ್ಲೆಡೆಯೂ ಒಂದೇ. 1787ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕೆಲವು ಮಹಾಪುರುಷರು ಕೂಡಿದರು, ಅಧಿಕಾರವನ್ನು ಮೂರು ಪಾಲು ಮಾಡಿ ಒಂದಕ್ಕೊಂದನ್ನು ಕಾವಲಿಟ್ಟರು, ಪ್ರಪಂಚಕ್ಕೆ ಸ್ವಾತಂತ್ರ್ಯದ ದಾರಿ ತೋರಿಸಿದರು ಎಂದು ಪಾಠಪುಸ್ತಕ ಹೇಳುತ್ತದೆ. ಇದು ಸುಳ್ಳಲ್ಲ. ಆದರೆ ಆ ಬೇಸಗೆಗೆ ಮುಂಚಿನ ಚಳಿಗಾಲದಲ್ಲಿ ಏನು ನಡೆಯಿತೆಂಬುದನ್ನು ಅದೇ ಪಾಠಪುಸ್ತಕ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ. ನಾವು ಅಲ್ಲಿಂದಲೇ ಆರಂಭಿಸುತ್ತೇವೆ. ಏಕೆಂದರೆ ಆ ಸಂಯುಕ್ತ ಸರ್ಕಾರದ ಬುನಾದಿಯನ್ನು ತೋಡಿಸಿದ್ದು ಸಾಲ.

1775ರಿಂದ 1783ರವರೆಗಿನ ಯುದ್ಧವನ್ನು ಹದಿಮೂರು ಸಂಸ್ಥಾನಗಳು ಸಾಲದ ಮೇಲೆಯೇ ನಡೆಸಿದವು. ಫ್ರಾನ್ಸಿನ ದೊರೆಯಿಂದಲೂ ಡಚ್ ಸಾಹುಕಾರರಿಂದಲೂ ತಂದ ಸಾಲ ಒಂದು ಕಡೆ. ಸಿಪಾಯಿಗಳಿಗೆ ಸಂಬಳದ ಬದಲು, ರೈತರಿಗೆ ದವಸ ದನಗಳ ಬೆಲೆಯ ಬದಲು ಬರೆದುಕೊಟ್ಟ ಸಾಲಪತ್ರಗಳು ಇನ್ನೊಂದು ಕಡೆ. ಇವನ್ನು ತೀರಿಸಬೇಕಾಗಿದ್ದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 1781ರ ಮಾರ್ಚ್ 1ರಂದು ಜಾರಿಗೆ ಬಂದ ಒಕ್ಕೂಟದ ಕರಾರಿನಂತೆ ಅದು ಸಂಸ್ಥಾನಗಳನ್ನು ಹಣ ಕೇಳಬಹುದಿತ್ತು, ಅಷ್ಟೆ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಸಂಸ್ಥಾನಕ್ಕೆ ಒಂದರಂತೆ ಮತ. ಮುಖ್ಯ ವಿಷಯಗಳಿಗೆ ಒಂಬತ್ತು ಮತ ಬೇಕು. ಕರಾರನ್ನು ತಿದ್ದಬೇಕಾದರೆ ಹದಿಮೂರೂ ಒಪ್ಪಬೇಕು. ಆಮದು ಮಾಲಿನ ಮೇಲೆ ನೂರಕ್ಕೆ ಐದರ ಸುಂಕ ಹಾಕೋಣವೆಂದರೆ 1782ರಲ್ಲಿ ರೋಡ್ ಐಲೆಂಡ್ ಎಂಬ ಅಂಗೈಯಗಲದ ಸಂಸ್ಥಾನ ಒಲ್ಲೆನೆಂದಿತು. ಅಲ್ಲಿಗೆ ಆ ಮಾತು ಮುಗಿಯಿತು. ಇಂಥ ಸರ್ಕಾರ ಬಹುಕಾಲ ನಿಲ್ಲಲಾರದೆಂದು ಹೇಳಿದವರ ಮಾತನ್ನು ನಾವೂ ಒಪ್ಪುತ್ತೇವೆ. ಪ್ರಶ್ನೆ ಇರುವುದು, ಅದರ ಜಾಗದಲ್ಲಿ ಬಂದ ಸರ್ಕಾರ ಯಾರ ಭಯದಿಂದ ಆ ರೂಪ ತಳೆಯಿತು ಎಂಬುದರಲ್ಲಿ.

ಕೇಂದ್ರಕ್ಕೆ ಇಲ್ಲದ ತೆರಿಗೆಯ ಅಧಿಕಾರ ಸಂಸ್ಥಾನಗಳಿಗಿತ್ತು. ಮ್ಯಾಸಚೂಸೆಟ್ಸ್ ಅದನ್ನು ಬಳಸಿಯೇ ಬಳಸಿತು. ಯುದ್ಧಕಾಲದ ತನ್ನ ಸಾಲವನ್ನು ಬಡ್ಡಿ ಸಮೇತ ತೀರಿಸುವುದಕ್ಕಾಗಿ ಜಮೀನಿನ ಮೇಲೂ ತಲೆಯ ಮೇಲೂ ತೆರಿಗೆ ಏರಿಸಿ, ಬೆಳ್ಳಿ ಬಂಗಾರದ ನಾಣ್ಯದಲ್ಲೇ ಕಟ್ಟಿರೆಂದಿತು. ಪಶ್ಚಿಮದ ಬೆಟ್ಟದೂರುಗಳ ರೈತ ನಾಣ್ಯ ಕಾಣುವುದೇ ಅಪರೂಪ. ಅವನು ದವಸ, ದನ, ಕೈದುಡಿಮೆ ಕೊಟ್ಟು ವ್ಯವಹಾರ ನಡೆಸುವವನು. ಲಂಡನ್ನಿನ ಸಾಹುಕಾರ ಬಾಸ್ಟನ್ನಿನ ವರ್ತಕನಿಗೆ ತಗಾದೆ ಮಾಡಿದ. ವರ್ತಕ ಹಳ್ಳಿಯ ಅಂಗಡಿಯವನನ್ನು ಹಿಡಿದ. ಅಂಗಡಿಯವನು ರೈತನ ಮೇಲೆ ಡಿಕ್ರಿ ತಂದ. ಮುಂದಿನದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದನ ಜಪ್ತಿ, ಜಮೀನು ಹರಾಜು, ಅದೂ ಸಾಲದಾದರೆ ಸೆರೆಮನೆ. ಈ ರೈತರಲ್ಲಿ ಅನೇಕರು ಆಗಷ್ಟೇ ಯುದ್ಧದಿಂದ ಮರಳಿದ ಸಿಪಾಯಿಗಳೆಂಬುದನ್ನು ಗಮನಿಸಬೇಕು. ಸಂಬಳದ ಬದಲು ಸಿಕ್ಕಿದ ಪತ್ರಗಳನ್ನು ಅವರು ಹೊಟ್ಟೆಪಾಡಿಗಾಗಿ ಮುಖಬೆಲೆಯ ಸಣ್ಣದೊಂದು ಪಾಲಿಗೆ ಮಾರಿಬಿಟ್ಟಿದ್ದರು. ಕೊಂಡವರು ಪೇಟೆಯ ದುಡ್ಡಿನವರು. ಈಗ ಅದೇ ಪತ್ರಗಳ ಮೇಲೆ ಬಡ್ಡಿ ಕೊಡುವುದಕ್ಕೆ ತೆರಿಗೆ ಕಟ್ಟಬೇಕಾದವನೂ ಅದೇ ಸಿಪಾಯಿ! ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಮಾತ್ರ ಸತ್ಯವಲ್ಲ.

1786ರ ಆಗಸ್ಟಿನಲ್ಲಿ ಹಳ್ಳಿಗರು ಊರೂರಿನ ಪ್ರತಿನಿಧಿಗಳನ್ನು ಸೇರಿಸಿ ಬೇಡಿಕೆಗಳನ್ನು ಬರೆದರು. ಕಾಗದದ ಹಣ ಹೊರಡಿಸಿ. ಕೋರ್ಟಿನ ಖರ್ಚು ಇಳಿಸಿ. ಶಾಸನಸಭೆಯನ್ನು ಬಾಸ್ಟನ್ನಿನಲ್ಲಿ ಕೂಡಿಸಬೇಡಿ. ಆಸ್ತಿವಂತರ ಮೇಲ್ಮನೆ ನಮಗೆ ಬೇಡ. ಅದೇ ತಿಂಗಳ 29ರಂದು ನಾರ್ತಾಂಪ್ಟನ್ನಿನ ನ್ಯಾಯಾಲಯ ಕೂಡದಂತೆ ನೂರಾರು ಮಂದಿ ತಡೆದರು. ಕೋರ್ಟು ಕೂಡದಿದ್ದರೆ ಡಿಕ್ರಿ ಇಲ್ಲ, ಡಿಕ್ರಿ ಇಲ್ಲದೆ ಜಪ್ತಿ ಇಲ್ಲ: ಲೆಕ್ಕ ಇಷ್ಟು ಸರಳ. ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಶೇಸ್ ಬಂಕರ್ ಹಿಲ್ಲಿನಲ್ಲಿ ಕಾದಾಡಿದವನು, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. ಇವರನ್ನು ಅಡಗಿಸಲು ಬೊಕ್ಕಸದಲ್ಲಿ ಹಣವಿಲ್ಲವೆಂದಾಗ ಬಾಸ್ಟನ್ನಿನ ಧನಿಕರು ತಾವೇ ಚಂದಾ ಎತ್ತಿ ದಂಡು ಕಟ್ಟಲು ನೆರವಾದರು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡಿನ ಆಯುಧ ಕೋಠಿಯ ಮುಂದೆ ಫಿರಂಗಿ ಹಾರಿತು. ದಂಗೆಯವರಲ್ಲಿ ನಾಲ್ವರು ಸತ್ತರು. ಫೆಬ್ರವರಿಯ ಹಿಮದಲ್ಲಿ ಉಳಿದವರು ಚದುರಿದರು.

ದಂಗೆ ಸೋತಿತು. ಆದರೆ ಅದೇ ವರ್ಷದ ಚುನಾವಣೆಯಲ್ಲಿ ದಂಡು ಕಳಿಸಿದ್ದ ಗವರ್ನರ್ ಬೌಡಿನ್ ಕೂಡ ಸೋತರು, ಹ್ಯಾನ್‌ಕಾಕ್ ಗೆದ್ದರು, ದಂಗೆಗಾರರಲ್ಲಿ ಬಹುಮಂದಿಗೆ ಕ್ಷಮೆ ದೊರೆಯಿತು, ತೆರಿಗೆಯ ಬಿಗಿಯೂ ಸಡಿಲಿತು. ಶೇಸನ ಬಂದೂಕಿಗಿಂತ ಹೆಚ್ಚಾಗಿ ಈ ಮತಪತ್ರವೇ ಸಾಲ ಕೊಟ್ಟವರ ನಿದ್ದೆ ಕೆಡಿಸಿತೆಂದು ನಮ್ಮ ಅಭಿಪ್ರಾಯ. ಆಗಲೇ ಏಳು ಸಂಸ್ಥಾನಗಳು ಕಾಗದದ ಹಣ ಹೊರಡಿಸಿದ್ದವು. ರೋಡ್ ಐಲೆಂಡಿನಲ್ಲಂತೂ ಆ ಕಾಗದವನ್ನು ಸಾಲಕ್ಕೆ ವಜಾ ಹಾಕಿಕೊಳ್ಳಲೇಬೇಕೆಂಬ ಕಾನೂನು ಬಂತು. ಸಂಸ್ಥಾನದ ಶಾಸನಸಭೆ ವರ್ಷವರ್ಷವೂ ಚುನಾವಣೆಗೆ ಬರುತ್ತಿತ್ತು. ಮತದಾರ ಸಣ್ಣ ರೈತ. ಅವನು ಕೂಗಿದರೆ ಸಭೆ ಕೇಳುತ್ತಿತ್ತು. ಇದನ್ನು ಕೆಲವರು ಪ್ರಜಾಪ್ರಭುತ್ವದ ಅತಿರೇಕವೆಂದು ಕರೆದರು.

ಈ ಹಿನ್ನೆಲೆಯಲ್ಲಿ 1787ರ ಮೇ 25ರಂದು ಫಿಲಡೆಲ್ಫಿಯಾ ಸಭೆ ಆರಂಭವಾಯಿತು. ಬಂದವರು 55 ಮಂದಿ. ಕೊನೆಗೆ ಸಹಿ ಹಾಕಿದವರು 39. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ವಕೀಲರು, ವರ್ತಕರು, ತೋಟಗಳ ಒಡೆಯರು, ಸರ್ಕಾರದ ಸಾಲಪತ್ರ ಇಟ್ಟುಕೊಂಡವರು ಇದ್ದರು. ಮೈಮುರಿದು ಹೊಲ ಉತ್ತು ಬದುಕುವವರು ಅಲ್ಲಿ ಕಾಣುವುದಿಲ್ಲ. ಹಳೆಯ ಕರಾರನ್ನು ತಿದ್ದುವುದಕ್ಕೆ ಮಾತ್ರ ಅವರಿಗೆ ಕಾಂಗ್ರೆಸ್ಸು ಅಪ್ಪಣೆ ಕೊಟ್ಟಿತ್ತು. ಅವರು ಅದನ್ನು ಬದಿಗಿಟ್ಟು ಹೊಸದನ್ನೇ ಬರೆದರು. ಒಳಗಿನ ಮಾತು ಹೊರಗೆ ಹೋಗಕೂಡದೆಂಬ ನಿಯಮವನ್ನು ಎಷ್ಟು ಬಿಗಿಯಾಗಿ ಪಾಲಿಸಿದರೆಂದರೆ, ಚರ್ಚೆಯನ್ನು ದಿನದಿನವೂ ಬರೆದಿಟ್ಟ ಜೇಮ್ಸ್ ಮ್ಯಾಡಿಸನ್ನರ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ.

ಅವರು ಕಟ್ಟಿದ ಯಂತ್ರವನ್ನು ಒಂದು ಜರಡಿಗೆ ಹೋಲಿಸಬಹುದು. ಪ್ರತಿನಿಧಿ ಸಭೆಯನ್ನು ಜನ ಎರಡು ವರ್ಷಕ್ಕೊಮ್ಮೆ ನೇರವಾಗಿ ಆರಿಸಬೇಕು. ಜನರ ಕೈ ನೇರವಾಗಿ ತಾಗುವುದು ಅಲ್ಲಿಗೆ ಮಾತ್ರ. ಸೆನೆಟನ್ನು ಆರು ವರ್ಷಕ್ಕೆ ಸಂಸ್ಥಾನಗಳ ಶಾಸನಸಭೆಗಳು ಆರಿಸಬೇಕು. ಇದು 1913ರ ತಿದ್ದುಪಡಿಯವರೆಗೂ ಹಾಗೆಯೇ ನಡೆಯಿತು. ಅಧ್ಯಕ್ಷನನ್ನು ನಾಲ್ಕು ವರ್ಷಕ್ಕೆ ಆರಿಸುವವರು ಜನರಲ್ಲ, ಸಂಸ್ಥಾನಗಳು ಗೊತ್ತುಮಾಡಿದ ಮತಗಾರರು. ನ್ಯಾಯಾಧೀಶರನ್ನು ಅಧ್ಯಕ್ಷ ಸೂಚಿಸಿ ಸೆನೆಟ್ ಒಪ್ಪಬೇಕು. ಕುಳಿತವರು ಸನ್ನಡತೆ ಇರುವವರೆಗೂ, ಎಂದರೆ ಬದುಕಿರುವವರೆಗೂ, ಕುಳಿತರು. ಒಂದು ವರ್ಷ ಎದ್ದ ಜನರ ಕೂಗು ಈ ನಾಲ್ಕು ಜರಡಿಗಳನ್ನೂ ಒಟ್ಟಿಗೆ ದಾಟಿ ಬರುವುದು ಹೇಗೆ? ದಾಟಬಾರದೆಂಬುದೇ ಉದ್ದೇಶ. ಮ್ಯಾಡಿಸನ್ನರು ಇದನ್ನು ಮುಚ್ಚಿಡಲಿಲ್ಲ. ರಾಜ್ಯಾಂಗದ ಪರವಾಗಿ ಬರೆದ ಲೇಖನಮಾಲೆಯ ಹತ್ತನೆಯದರಲ್ಲಿ ಅವರು ಕಾಗದದ ಹಣ, ಸಾಲ ರದ್ದು, ಆಸ್ತಿಯ ಸಮಪಾಲು ಇವುಗಳನ್ನು ಹೆಸರಿಸಿಯೇ ಕೆಟ್ಟ ಹುಚ್ಚುಗಳೆಂದು ಎಣಿಸಿ, ದೊಡ್ಡ ಒಕ್ಕೂಟದಲ್ಲಿ ಇವು ಒಂದು ಮೂಲೆಯಿಂದ ಇಡೀ ದೇಶಕ್ಕೆ ಹಬ್ಬುವುದು ಕಷ್ಟವೆಂದು ವಾದಿಸಿದರು. ಈ ಪ್ರಾಮಾಣಿಕತೆಗೆ ನಾವು ಅವರನ್ನು ಮೆಚ್ಚಬೇಕು.

ಜರಡಿಯೂ ಸಾಲದಾದೀತೆಂದು ಒಂದು ಬೀಗವನ್ನೂ ಹಾಕಿದರು. ಒಂದನೆಯ ವಿಧಿಯ ಹತ್ತನೆಯ ಕಲಮನ್ನು ಓದಿ ನೋಡಿ. ಯಾವ ಸಂಸ್ಥಾನವೂ ಕಾಗದದ ಹಣ ಹೊರಡಿಸಕೂಡದು. ಬೆಳ್ಳಿ ಬಂಗಾರದ ನಾಣ್ಯವಲ್ಲದೆ ಬೇರೆಯದನ್ನು ಸಾಲದ ತೀರುವಳಿಗೆ ಸಲ್ಲುವಂತೆ ಮಾಡಕೂಡದು. ಕರಾರಿನ ಹೊಣೆಯನ್ನು ಕುಂದಿಸುವ ಕಾನೂನು ಮಾಡಕೂಡದು. ಇನ್ನೊಂದೆಡೆ, ಹಳೆಯ ಕಾಂಗ್ರೆಸ್ಸು ಮಾಡಿದ ಸಾಲಗಳು ಹೊಸ ಸರ್ಕಾರದ ಮೇಲೂ ಸಲ್ಲುತ್ತವೆ ಎಂದು ಬರೆದರು. ದಂಗೆ ಅಡಗಿಸಲು ದಂಡು ಕರೆಯುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಈ ಕಲಮುಗಳಲ್ಲಿ ಶೇಸನ ಹೆಸರಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. 1913ರಲ್ಲಿ ಚಾರ್ಲ್ಸ್ ಬಿಯರ್ಡ್ ಎಂಬ ಇತಿಹಾಸಕಾರರು ಫಿಲಡೆಲ್ಫಿಯಾಕ್ಕೆ ಬಂದವರ ಆಸ್ತಿಪಾಸ್ತಿಯ ಲೆಕ್ಕ ತೆಗೆದು, ಅವರು ತಮ್ಮ ಸಾಲಪತ್ರಗಳ ಬೆಲೆ ಏರಿಸಲೆಂದೇ ರಾಜ್ಯಾಂಗ ಬರೆದರೆಂಬಂತೆ ತೋರಿಸಿದರು. 1958ರಲ್ಲಿ ಫಾರೆಸ್ಟ್ ಮ್ಯಾಕ್‌ಡೊನಾಲ್ಡ್ ಒಬ್ಬೊಬ್ಬರ ಲೆಕ್ಕವನ್ನೂ ಮತ್ತೆ ತೆಗೆದು, ಪತ್ರ ಇದ್ದವರೆಲ್ಲ ಪರ, ಇಲ್ಲದವರೆಲ್ಲ ವಿರೋಧ ಎಂಬ ಗೆರೆ ಎಳೆಯಲಾಗದೆಂದು ತೋರಿಸಿದರು. ಜೇಬಿನ ಲೆಕ್ಕದಲ್ಲಿ ಮ್ಯಾಕ್‌ಡೊನಾಲ್ಡರದೇ ಸರಿ. ಒಬ್ಬೊಬ್ಬರ ಜೇಬನ್ನು ತಡಕುವ ಕೆಲಸ ನಮಗೂ ಬೇಕಾಗಿಲ್ಲ. ಬರೆದದ್ದು ಏನೆಂಬುದು ಕಣ್ಣ ಮುಂದಿದೆ. ಹಾಗೆಯೇ ಅದರಲ್ಲಿ ಒಳ್ಳೆಯದಿದ್ದುದನ್ನೂ ಹೇಳಬೇಕು. ದೊರೆಯಿಲ್ಲ, ಬಿರುದುಬಾವಲಿಯಿಲ್ಲ, ಹುದ್ದೆಗೆ ಮತಧರ್ಮದ ಪರೀಕ್ಷೆಯಿಲ್ಲ. ಸಭೆಗೆ ನಿಲ್ಲಲು ಆಸ್ತಿ ಇರಬೇಕೆಂಬ ನಿಬಂಧನೆಯನ್ನು ಕೆಲವರು ಬಯಸಿದರೂ ಸೇರಿಸಲಿಲ್ಲ. ಸದಸ್ಯರಿಗೆ ಬೊಕ್ಕಸದಿಂದ ಭತ್ಯ ಕೊಡಬೇಕೆಂದು ಬರೆದರು. ಮೊದಲ ಕಾಂಗ್ರೆಸ್ಸಿನಲ್ಲಿ ಅದು ದಿನಕ್ಕೆ 6 ಡಾಲರು. ಆ ಕಾಲದ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಇದಾವುದೂ ಇರಲಿಲ್ಲ.

ಆದರೆ ಆಸ್ತಿ ಎಂಬ ಮಾತಿಗೆ ಅಲ್ಲಿ ಇನ್ನೊಂದು ಅರ್ಥವೂ ಇತ್ತು. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರ ಪೈಕಿ ಸುಮಾರು 7 ಲಕ್ಷ ಮಂದಿ ಗುಲಾಮರು. ಇವರನ್ನು ಎಣಿಸುವುದು ಹೇಗೆಂದು ಆ ಬೇಸಗೆಯಲ್ಲಿ ಬಿಸಿಬಿಸಿ ವಾದ ನಡೆಯಿತು. ಮತ ಕೊಡುವುದಕ್ಕಂತೂ ಅಲ್ಲವೇ ಅಲ್ಲ. ಒಡೆಯನ ಸಂಸ್ಥಾನಕ್ಕೆ ಎಷ್ಟು ಸ್ಥಾನ ಸಿಗಬೇಕೆಂಬ ಲೆಕ್ಕಕ್ಕೆ. ಐವರು ಗುಲಾಮರೆಂದರೆ ಮೂವರು ಮನುಷ್ಯರೆಂದು ತೀರ್ಮಾನವಾಯಿತು. ಹೀಗೆ ಬೀಗದ ಕೈ ಹಿಡಿದವನಿಗೆ ಸೆರೆಯಾಳುಗಳ ಲೆಕ್ಕದಲ್ಲಿ ಹೆಚ್ಚುವರಿ ಮತ ಬಂತು. ಅಧ್ಯಕ್ಷನನ್ನು ಆರಿಸುವ ಮತಗಾರರ ಸಂಖ್ಯೆಯೂ ಇದೇ ಲೆಕ್ಕದ ಮೇಲೆ ನಿಂತಿದ್ದರಿಂದ, ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ಗುಲಾಮರ ಒಡೆಯರಾದ ವರ್ಜಿನಿಯಾದವರೆಂಬುದು ಆಶ್ಚರ್ಯವಲ್ಲ. ಓಡಿಹೋದ ಗುಲಾಮನನ್ನು ಯಾವ ಸಂಸ್ಥಾನದಲ್ಲಿ ಸಿಕ್ಕಿದರೂ ಹಿಡಿದೊಪ್ಪಿಸಬೇಕೆಂದು ಇನ್ನೊಂದು ಕಲಮು. ಇಷ್ಟೆಲ್ಲ ಇದ್ದೂ ಗುಲಾಮ ಎಂಬ ಶಬ್ದ ಮಾತ್ರ ಆ ಬರಹದಲ್ಲಿ ಎಲ್ಲೂ ಇಲ್ಲ. ನಾಚಿಕೆ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಆ ನಾಚಿಕೆಯಿಂದ ಯಾರ ಸಂಕೋಲೆಯೂ ಕಳಚಲಿಲ್ಲ.

ಬರೆದವರು ಬರೆದರು; ಒಪ್ಪಬೇಕಾದವರು ಸಂಸ್ಥಾನಗಳ ಜನ. ಹದಿಮೂರರಲ್ಲಿ ಒಂಬತ್ತು ಒಪ್ಪಿದರೆ ಸಾಕೆಂದು ತಾವೇ ನಿಯಮ ಮಾಡಿಕೊಂಡಿದ್ದರೂ ದಾರಿ ಸುಲಭವಾಗಿರಲಿಲ್ಲ. ರೋಡ್ ಐಲೆಂಡಿನಲ್ಲಿ 1788ರ ಮಾರ್ಚಿನಲ್ಲಿ ಊರೂರಿನ ಮತ ಕೇಳಿದಾಗ ಬೇಡವೆಂದವರು 2,700ರಷ್ಟು, ಬೇಕೆಂದವರು 250ಕ್ಕೂ ಕಡಿಮೆ. (ಪರವಾಗಿದ್ದವರಲ್ಲಿ ಅನೇಕರು ಮತಕ್ಕೇ ಬರಲಿಲ್ಲವೆಂಬುದನ್ನೂ ಹೇಳಬೇಕು.) ಮ್ಯಾಸಚೂಸೆಟ್ಸಿನ ಸಭೆಯಲ್ಲಿ ಏಮಸ್ ಸಿಂಗಲ್‌ಟರಿ ಎಂಬ ಹಳ್ಳಿಗ ಎದ್ದು, ವಕೀಲರೂ ಓದಿದವರೂ ದುಡ್ಡಿನವರೂ ಸೇರಿ ಎಲ್ಲ ಅಧಿಕಾರವನ್ನೂ ತಮ್ಮ ಕೈಗೆ ತೆಗೆದುಕೊಂಡು, ತಿಮಿಂಗಿಲ ಜೋನನನ್ನು ನುಂಗಿದಂತೆ ಸಣ್ಣವರನ್ನು ನುಂಗಿಬಿಡುತ್ತಾರೆ ಎಂದ. ಅವನಿಗೆ ಉತ್ತರ ಕೊಟ್ಟವನೂ ಒಬ್ಬ ರೈತನೇ, ಜೊನಾಥನ್ ಸ್ಮಿತ್. ದಂಗೆಯ ಚಳಿಗಾಲವನ್ನು ಕಣ್ಣಾರೆ ಕಂಡವನಾಗಿ ತನಗೆ ಗಟ್ಟಿ ಸರ್ಕಾರ ಬೇಕೆಂದ. ಇಬ್ಬರೂ ನಿಜವನ್ನೇ ಆಡಿದರೆಂದು ನಮಗೆ ತೋರುತ್ತದೆ. ಆ ಸಭೆಯ ಫಲ 187ಕ್ಕೆ 168. ವರ್ಜಿನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27. ಹದಿಮೂರನೆಯದಾದ ರೋಡ್ ಐಲೆಂಡ್ 1790ರ ಮೇ 29ರಂದು 34ಕ್ಕೆ 32ರಂತೆ ಒಳಬಂತು, ಅದೂ ಉಳಿದವರು ವ್ಯಾಪಾರ ನಿಲ್ಲಿಸುತ್ತೇವೆಂದು ಹೆದರಿಸಿದ ಮೇಲೆ.

ಈ ವಿರೋಧಿಗಳು ಸೋತರೂ ಬರಿಗೈಯಲ್ಲಿ ಹೋಗಲಿಲ್ಲ. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಪಂಚಾಯತರ ಎದುರು ವಿಚಾರಣೆ ಎಂದು ಇಂದು ಅಮೆರಿಕದವರು ಎದೆಯುಬ್ಬಿಸಿ ಹೇಳಿಕೊಳ್ಳುವ ಹಕ್ಕುಗಳಲ್ಲಿ ಹೆಚ್ಚಿನವು ಫಿಲಡೆಲ್ಫಿಯಾದ ಬರಹದಲ್ಲಿ ಇರಲೇ ಇಲ್ಲ. ಹಕ್ಕುಗಳ ಪಟ್ಟಿ ಬೇಕೆಂದು ಜಾರ್ಜ್ ಮೇಸನ್ ಕೊನೆಯ ದಿನಗಳಲ್ಲಿ ಕೇಳಿದಾಗ ಒಂದು ಸಂಸ್ಥಾನವೂ ಅದರ ಪರ ಮತ ಕೊಡಲಿಲ್ಲ. ಆತ ಸಹಿ ಹಾಕಲಿಲ್ಲ. ಸಂಸ್ಥಾನದಿಂದ ಸಂಸ್ಥಾನಕ್ಕೆ ಈ ಕೂಗು ಎದ್ದ ಮೇಲೆ, ಸೇರಿಸುತ್ತೇವೆಂದು ಮಾತು ಕೊಟ್ಟೇ ಒಪ್ಪಿಗೆ ಪಡೆಯಬೇಕಾಯಿತು. 1789ರ ಜೂನಿನಲ್ಲಿ ಮ್ಯಾಡಿಸನ್ನರೇ ತಿದ್ದುಪಡಿಗಳನ್ನು ಮಂಡಿಸಿದರು. ಹತ್ತು ತಿದ್ದುಪಡಿಗಳು 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು. ಗುಲಾಮರ ಪರವಾಗಿ ಇಂಥ ಚೌಕಾಸಿ ಮಾಡುವವರು ಒಪ್ಪಿಗೆಯ ಸಭೆಗಳಲ್ಲಿ ಸಾಕಷ್ಟು ಇರಲಿಲ್ಲ. ಅವರು 1865ರವರೆಗೆ ಕಾಯಬೇಕಾಯಿತು.

ಜಾರ್ಜ್ ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಆ ಕಟ್ಟಡ ಇದ್ದದ್ದು ವಾಲ್ ಸ್ಟ್ರೀಟಿನಲ್ಲಿ ಎಂಬುದು ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ಆ ವರ್ಷ ವಿದೇಶಾಂಗ, ಯುದ್ಧ, ಹಣಕಾಸು ಎಂಬ ಮೂರು ಇಲಾಖೆಗಳೂ ಆರು ನ್ಯಾಯಾಧೀಶರ ಸರ್ವೋಚ್ಚ ನ್ಯಾಯಾಲಯವೂ ಏರ್ಪಟ್ಟವು. ಯಂತ್ರ ತಿರುಗತೊಡಗಿದ್ದು 1790ರ ಜನವರಿಯಲ್ಲಿ, ಹಣಕಾಸಿನ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ತಮ್ಮ ಸಾಲದ ವರದಿಯನ್ನು ಮುಂದಿಟ್ಟಾಗ. ಬಡ್ಡಿಯಲ್ಲಿ ತುಸು ಇಳಿಸಿದರೂ ಎಲ್ಲ ಪತ್ರಗಳಿಗೂ ಮುಖಬೆಲೆ ಸಲ್ಲಬೇಕು, ಅದೂ ಇಂದು ಪತ್ರ ಹಿಡಿದವನಿಗೆ. ಸಂಸ್ಥಾನಗಳ ಸಾಲವನ್ನೂ ಕೇಂದ್ರವೇ ಹೊರಬೇಕು. ಸುದ್ದಿ ತಿಳಿದ ಪೇಟೆಯವರು ಅದು ಹಳ್ಳಿ ಮುಟ್ಟುವ ಮುಂಚೆ ಪತ್ರಗಳನ್ನು ಅಗ್ಗಕ್ಕೆ ಎತ್ತಿಕೊಳ್ಳಲು ದಕ್ಷಿಣದ ಕಡೆಗೆ ಆಳುಗಳನ್ನು ಅಟ್ಟಿದರು. ಮೂಲತಃ ಪತ್ರ ಪಡೆದ ಸಿಪಾಯಿಗೂ ಒಂದು ಪಾಲು ಕೊಡೋಣವೆಂದು ಮ್ಯಾಡಿಸನ್ ಸೂಚಿಸಿದರು. ಹೌದು, ಅದೇ ಮ್ಯಾಡಿಸನ್. ಪ್ರತಿನಿಧಿ ಸಭೆ ಅದನ್ನು 13ಕ್ಕೆ 36 ಮತದಿಂದ ತಳ್ಳಿಹಾಕಿತು. ದೇಶದ ಸಾಲಕ್ಕೆ ಬೆಲೆ ಬರಲು ಇದೊಂದೇ ದಾರಿಯೆಂಬ ಹ್ಯಾಮಿಲ್ಟನ್ನರ ವಾದದಲ್ಲಿ ಹುರುಳಿಲ್ಲದಿಲ್ಲ. ಯೂರೋಪಿನಲ್ಲಿ ಅಮೆರಿಕದ ಪತ್ರಕ್ಕೆ ನಿಜವಾಗಿಯೂ ಮರ್ಯಾದೆ ಬಂತು. ಆ ಮರ್ಯಾದೆಯ ಬೆಲೆ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಮಾತ್ರ ನಾವು ಕೇಳುತ್ತೇವೆ.

ಅದಕ್ಕೆ ಉತ್ತರ 1791ರ ಮಾರ್ಚಿನಲ್ಲಿ ಬಂತು: ದೇಶದೊಳಗೆ ಬಟ್ಟಿ ಇಳಿಸಿದ ವಿಸ್ಕಿಯ ಮೇಲೆ ತೆರಿಗೆ. ಪಶ್ಚಿಮ ಪೆನ್ಸಿಲ್ವೇನಿಯದ ರೈತನಿಗೆ ವಿಸ್ಕಿ ಬರೀ ಕುಡಿತವಲ್ಲ. ಬೆಳೆದ ಧಾನ್ಯವನ್ನು ಬೆಟ್ಟ ದಾಟಿಸಿ ಪೇಟೆಗೆ ಹೊರಿಸುವ ಖರ್ಚು ತಡೆಯಲಾರದೆ ಅವನು ಅದನ್ನು ಪೀಪಾಯಿಗೆ ಇಳಿಸುತ್ತಿದ್ದ. ನಾಣ್ಯವಿಲ್ಲದ ಊರಿನಲ್ಲಿ ಅದೇ ನಾಣ್ಯ. ತೆರಿಗೆಯ ಏರ್ಪಾಡು ದೊಡ್ಡ ಭಟ್ಟಿಯವನಿಗೆ ಹಗುರ, ಸಣ್ಣವನಿಗೆ ಭಾರ. 1794ರಲ್ಲಿ ಜನ ತಿರುಗಿಬಿದ್ದು ತೆರಿಗೆ ಅಧಿಕಾರಿಯ ಮನೆ ಸುಟ್ಟಾಗ ವಾಷಿಂಗ್ಟನ್ ಹತ್ತಿರಹತ್ತಿರ 13,000 ಮಂದಿಯ ದಂಡನ್ನು ಹೊರಡಿಸಿದರು. ಮ್ಯಾಸಚೂಸೆಟ್ಸಿನಂತೆ ಈಗ ಚಂದಾ ಎತ್ತಬೇಕಾಗಿರಲಿಲ್ಲ, ಬೊಕ್ಕಸವಿತ್ತು, ಕಾನೂನಿತ್ತು. ದಂಡು ಹೋದಾಗ ಕಾದಲು ಯಾರೂ ಸಿಗಲಿಲ್ಲ. ರಾಜದ್ರೋಹದ ಶಿಕ್ಷೆ ಇಬ್ಬರಿಗಾಯಿತು. ಇಬ್ಬರನ್ನೂ ವಾಷಿಂಗ್ಟನ್ ಕ್ಷಮಿಸಿದರು. ತೆರಿಗೆ ರದ್ದಾದದ್ದು ಜೆಫರ್ಸನ್ ಅಧಿಕಾರಕ್ಕೆ ಬಂದ ಮೇಲೆ, 1802ರಲ್ಲಿ. ಅದೂ ಚುನಾವಣೆಯ ಮೂಲಕ. ಶೇಸನಿಗೆ ಅವನ ಸೈನ್ಯಸೇವೆಗಾಗಿ ಸಂಯುಕ್ತ ಸರ್ಕಾರ ಮುಪ್ಪಿನಲ್ಲಿ ಪಿಂಚಣಿ ಕೊಟ್ಟಿತು. ಅವನು 1825ರಲ್ಲಿ ತೀರಿಕೊಂಡ.

ನಮ್ಮ ರಾಜ್ಯಾಂಗ ಬರೆಯುವಾಗ ಈ ಅಮೆರಿಕದ ಅನುಭವವನ್ನು ಹತ್ತಿರದಿಂದ ನೋಡಿ ಬಂದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ರಾಜ್ಯಾಂಗ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅವರು ಅಲ್ಲಿಗೆ ಹೋದಾಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್, ‘ಡ್ಯೂ ಪ್ರಾಸೆಸ್’ ಎಂಬ ಮಾತನ್ನು ಎರವಲು ಒಯ್ಯಬೇಡಿರೆಂದು ಎಚ್ಚರಿಸಿದರು. ಕಾರಣವಿತ್ತು. ರೊಟ್ಟಿ ಭಟ್ಟಿಯ ಕೂಲಿಗಳು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ನ್ಯೂಯಾರ್ಕಿನ ಕಾನೂನನ್ನು ಆ ನ್ಯಾಯಾಲಯ 1905ರಲ್ಲಿ ಇದೇ ಮಾತಿನ ಬಲದಿಂದ ರದ್ದು ಮಾಡಿತ್ತು. ಮಾಲೀಕನಿಗೂ ಕೂಲಿಗೂ ಕರಾರಿನ ಸ್ವಾತಂತ್ರ್ಯವಿದೆಯಂತೆ! ನಮ್ಮ 21ನೆಯ ವಿಧಿಯಲ್ಲಿ ಆ ಮಾತು ಬರಲಿಲ್ಲ. ಆದರೆ ಬಿಟ್ಟದ್ದರ ಪೆಟ್ಟೂ ನಮಗೆ ತಗುಲಿತು: 1950ರಲ್ಲಿ ಎ. ಕೆ. ಗೋಪಾಲನ್ ತಮ್ಮನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟದ್ದನ್ನು ಪ್ರಶ್ನಿಸಿದಾಗ, ಕಾನೂನು ಹೇಳಿದ ಕ್ರಮ ನಡೆದಿದ್ದರೆ ಸಾಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಅರ್ಥ ಬದಲಾಗಲು 1978ರವರೆಗೆ ಕಾಯಬೇಕಾಯಿತು. ನಾವು ಸೆನೆಟನ್ನೂ ತರಲಿಲ್ಲ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31 ಸ್ಥಾನ, ಕರ್ನಾಟಕಕ್ಕೆ 12. ಸಣ್ಣ ರಾಜ್ಯಗಳಿಗೆ ಒಂದೊಂದು.

ಅಮೆರಿಕದಲ್ಲಿ ಹಾಗಲ್ಲ. 2020ರ ಜನಗಣತಿಯಂತೆ ಸುಮಾರು 3 ಕೋಟಿ 95 ಲಕ್ಷ ಜನರಿರುವ ಕ್ಯಾಲಿಫೋರ್ನಿಯಕ್ಕೂ 5 ಲಕ್ಷ 77 ಸಾವಿರ ಜನರಿರುವ ವೈಯೋಮಿಂಗಿಗೂ ಸೆನೆಟಿನಲ್ಲಿ ಎರಡೆರಡೇ ಸ್ಥಾನ. ಅಧ್ಯಕ್ಷನ ಆಯ್ಕೆ ಇಂದಿಗೂ ಮತಗಾರರ ಮೂಲಕವೇ. 2000ದಲ್ಲಿಯೂ 2016ರಲ್ಲಿಯೂ ಜನರ ಮತ ಕಡಿಮೆ ಪಡೆದವರು ಅಧ್ಯಕ್ಷರಾದರು. ತಿದ್ದುಪಡಿ ಮಾಡುವ ದಾರಿ ಹೇಳುವ ಐದನೆಯ ವಿಧಿ 1787ರಲ್ಲಿ ಮುಖ್ಯವಾಗಿ ಎರಡು ಸಂಗತಿಗಳನ್ನು ತಿದ್ದುಪಡಿಯ ಕೈಗೆ ಎಟುಕದಂತೆ ಎತ್ತಿಟ್ಟಿತು. ಆಫ್ರಿಕದಿಂದ ಗುಲಾಮರನ್ನು ತರಿಸುವುದಕ್ಕೆ 1808ರವರೆಗೆ ತಡೆ ಹಾಕಕೂಡದೆಂಬುದು ಒಂದು. ಆ ವರ್ಷದ ಜನವರಿ 1ರಿಂದಲೇ ಕಾಂಗ್ರೆಸ್ಸು ಅದನ್ನು ನಿಷೇಧಿಸಿತು. ಒಪ್ಪಿಗೆಯಿಲ್ಲದೆ ಯಾವ ಸಂಸ್ಥಾನದ ಸೆನೆಟ್ ಸಮಪಾಲನ್ನೂ ಕಸಿಯಕೂಡದೆಂಬುದು ಇನ್ನೊಂದು. ಇದಕ್ಕೆ ಮುದ್ದತು ಬರೆದಿಲ್ಲ.